ಗಿರಿಜೆಯ ಬೆರಳಿಗೆ ಬೇಕಾದ ಬಿಟ್‌ಗಳು

ಸೋಲದೇವನಹಳ್ಳಿ ಕಡೆ ಒಂದು ಕಾಲೇಜಿನವರು ಹೋದ ತಿಂಗಳು ನನ್ನನ್ನ ಕರೆದಿದ್ರು. ಕೆಲಸಕ್ಕೆ ಸೇರೋಕೆ ಹೊರಟಿರೋ ಮಕ್ಕಳಿಗೆ ನಾಲ್ಕು ಮಾತು ಹೇಳಿ ಮೇಡಂ ಅಂತ. ಹೋದೆ, ಹೇಳಿದೆ. ಕೊನೇಲಿ ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ಈಗ ನೆಟ್ಟು ಬೇಕಾದಷ್ಟಿದೆ. ಒಂದೊಂದು ಬಿಟ್ಟಿಗೆ ಇಷ್ಟು ಒದ್ದಾಡೋದು ಯಾಕೆ?" ಅಂದ. ಹಾಲ್‌ಗೆ ಹಾಲೇ ನಕ್ಕಿತು. ನನಗೆ ಪಿತ್ತ ನೆತ್ತಿಗೇರಿತು. ಅಷ್ಟರಲ್ಲಿ ಊಟದ ಹೊತ್ತಾಯ್ತು ಅಂತ ಎಲ್ಲರನ್ನೂ ಎಬ್ಬಿಸಿಬಿಟ್ರು. ಅವನಿಗೆ ಕೊಡಬೇಕಾಗಿದ್ದ ಉತ್ತರ ಅನ್ನ ಸಾರಿನ ಜೊತೆ ಗಂಟಲಲ್ಲೇ ಉಳೀತು. ಅದನ್ನ ಇಲ್ಲಿ ಬರೀತಿದೀನಿ.

ನಾನು ವಿಮಲಾ. ನಮ್ಮದು ಮತ್ತಿಕೆರೆ, ಅದು ಇನ್ನೂ ಹಳ್ಳಿಯಾಗಿದ್ದಾಗಿನಿಂದ. ಹೆಬ್ಬಾಳದ ಹತ್ತಿರ ಒಂದು ಕಂಪನೀಲಿ ವಿಡಿಯೋ ಕುಗ್ಗಿಸೋ ಕೆಲಸ ಮಾಡ್ತಾ ಮಾಡ್ತಾ ತಲೆ ಬೆಳ್ಳಗಾಯ್ತು. ಯಾವಾಗ ಸೀನಿಯರ್ ಆದೆ, ಯಾವಾಗ ಅದಕ್ಕಿಂತ ಸೀನಿಯರ್ ಆದೆ ಅನ್ನೋದೆಲ್ಲ ನಿಮಗೆ ಬೇಡ. ನಮ್ಮ ಮನೆಯವರಿಗೇ ಅದು ನೆನಪಿಲ್ಲ.

ವಿಡಿಯೋ ಅಂದ್ರೆ ಸಾಲಾಗಿ ಬರೋ ಚಿತ್ರಗಳು. ಪ್ರತಿ ಚಿತ್ರಾನೂ ಪೂರ್ತಿ ಕಳಿಸೋಕೆ ಹೋದ್ರೆ ಯಾವ ನೆಟ್ಟೂ ತಡೆಯಲ್ಲ. ಅದಕ್ಕೆ ಹಿಂದಿನ ಚಿತ್ರ ನೋಡಿ ಮುಂದಿನದು ಹೀಗಿರಬಹುದು ಅಂತ ಊಹೆ ಮಾಡಿ, ಊಹೆ ತಪ್ಪಿದಷ್ಟನ್ನ ಮಾತ್ರ ಕಳಿಸ್ತೀವಿ. ಅದನ್ನೂ 'ಈ ಚೌಕ ಬದಲಾಯ್ತಾ? ಎಡಕ್ಕೆ ಸರೀತಾ?' ಅಂತ ಸಾವಿರಾರು ಹೌದು-ಇಲ್ಲಗಳಾಗಿ ಒಡೀತೀವಿ. ಆ ಹೌದು-ಇಲ್ಲಗಳನ್ನ ಆದಷ್ಟು ಕಡಿಮೆ ಬಿಟ್‌ಗಳಲ್ಲಿ, ಅಂದ್ರೆ ಸೊನ್ನೆ-ಒಂದುಗಳಲ್ಲಿ, ತುರುಕೋ ಕೊನೇ ಕೆಲಸಕ್ಕೆ ಅರಿತ್ಮೆಟಿಕ್ ಕೋಡಿಂಗ್ ಅಂತಾರೆ. ನಾನು ಜೀವಮಾನ ಕಳೆದಿದ್ದು ಅದೊಂದರಲ್ಲೇ.

ಹೊಸಬರಿಗೆ ಇದನ್ನ ಸೈಟಿನ ಲೆಕ್ಕದಲ್ಲಿ ಹೇಳ್ತಿದ್ದೆ. ನಮ್ಮಜ್ಜನ ಹೊಲ ಸೈಟುಗಳಾಗಿ ಹೋಗಿದ್ದನ್ನ ಕಣ್ಣಾರೆ ನೋಡಿದವಳು ನಾನು. ಒಂದು ಹೊಲ ಇದೆ ಅಂದ್ಕೊಳ್ಳಿ. 'ಇಲ್ಲ' ಅನ್ನೋ ಉತ್ತರವೇ ಹೆಚ್ಚು ಬರುತ್ತೆ ಅನ್ನಿಸಿದ್ರೆ ಹೊಲದ ದೊಡ್ಡ ಭಾಗ 'ಇಲ್ಲ'ಕ್ಕೆ ಕೊಡ್ತೀವಿ, ಮೂಲೇಲಿ ಒಂದು ಚೂರು 'ಹೌದು'ಗೆ. ಉತ್ತರ ಯಾವುದು ಬಂತೋ ಆ ಭಾಗವನ್ನ ಮತ್ತೆ ಹಾಗೇ ಪಾಲು ಮಾಡ್ತೀವಿ. ಅದರೊಳಗೆ ಮತ್ತೆ. ಕೊನೆಗೆ ಉಳಿಯೋ ಸೈಟಿನ ವಿಳಾಸ ಒಂದನ್ನ ಹೇಳಿದ್ರೆ ಅಷ್ಟೂ ಉತ್ತರ ಹೇಳಿದ ಹಾಗೆ. ಸೈಟು ದೊಡ್ಡದಾಗಿ ಉಳಿದ್ರೆ ವಿಳಾಸ ಸುಲಭ, 'ದೇವಸ್ಥಾನದ ಎದುರಿಗೆ' ಅಂದ್ರೆ ಮುಗೀತು. ಗುಬ್ಬಿಗೂಡಿನಷ್ಟಾದ್ರೆ ಕ್ರಾಸು, ಮೇನು, ಸಂದಿ, ಹಿಂದಿನ ಗೇಟು ಅಂತ ಉದ್ದಕ್ಕೆ ಹೇಳ್ಬೇಕು. ಅಂದ್ಕೊಂಡಿದ್ದೇ ಬಂದ್ರೆ ಬಿಟ್ ಕಡಿಮೆ, ಅಂದ್ಕೊಳ್ಳದ್ದು ಬಂದ್ರೆ ಬಿಟ್ ಜಾಸ್ತಿ. ಹಾಗಾಗಿ ಯಾವುದು ಎಷ್ಟು ಸಲ ಬರುತ್ತೆ ಅನ್ನೋ ಅಂದಾಜೇ ಇಲ್ಲಿ ಸರ್ವಸ್ವ.

ಇನ್ನೊಂದು ಸಂಗತಿ. ಕಳಿಸೋ ಕಡೆ, ತಗೊಳ್ಳೋ ಕಡೆ ಎರಡೂ ಒಂದೇ ಥರ ಪಾಲು ಮಾಡ್ಬೇಕು. ಕೂದಲೆಳೆಯಷ್ಟು ವ್ಯತ್ಯಾಸ ಆದ್ರೂ ಅಲ್ಲಿಂದ ಮುಂದಕ್ಕೆ ಎಲ್ಲಾ ವಿಳಾಸ ಬೇರೆಯವರ ಮನೆಗೆ ಹೋಗುತ್ತೆ. ಇದು ನಮಗೆ ಜನ್ಮದಲ್ಲಿ ಮರೆಯದ ಹಾಗೆ ತಿಳಿದಿದ್ದು ಒಂದು ಡೆಮೋದಲ್ಲಿ.

ನಮ್ಮ ಮೇಲಿನವರು ಪಾಟೀಲ್ ಸರ್. ಬಾಗಲಕೋಟೆ ಕಡೆಯವರು. ಬೆಂಗಳೂರಿಗೆ ಬಂದು ಅರ್ಧ ಆಯಸ್ಸು ಕಳೆದರೂ ಮಾತು ಮಾತ್ರ ಮೊನ್ನೆ ರೈಲಿಳಿದು ಬಂದವರ ಹಾಗೆ. ಚಿಪ್ ಕಡೆ ಕೆಲಸ ಮುನಿರಾಜುದು, ಯಲಹಂಕದ ಹಳೇ ಊರಿನವನು. ಕಳಿಸೋ ಕಡೆ ನಂದು, ತಗೊಳ್ಳೋ ಕಡೆ ಅವನದು. ಅವತ್ತು ಒಬ್ಬ ದೊಡ್ಡ ಅಧಿಕಾರಿ ನಮ್ಮ ವಿಡಿಯೋ ಕಾಲ್ ಪೆಟ್ಟಿಗೆ ನೋಡೋಕೆ ಬಂದಿದ್ರು. ಅಂದಾಜಿನ ಹೊಸ ಪಟ್ಟಿ ಹಾಕೋಣ ಅಂತ ಬೆಳಿಗ್ಗೆ ಮೂವರೂ ಮಾತಾಡ್ಕೊಂಡಿದ್ವಿ. ತಿಂಡಿ ಹೊತ್ತಿಗೆ ಪಾಟೀಲರಿಗೆ ಅಳುಕು ಶುರುವಾಗಿ, ಮುನಿರಾಜುನ ಕರೆದು "ಹಳೇದ ಇರ್ಲಿ ಬಿಡೋ" ಅಂದಿದ್ರು. ನನಗೆ ಹೇಳೋದು ಮರೆತಿದ್ರು, ನಾನು ಹೊಸದನ್ನೇ ಹಾಕಿದ್ದೆ.

ಅಧಿಕಾರಿಗಳು ಕ್ಯಾಮೆರಾ ಮುಂದೆ ಕೂತು ಮುಗುಳ್ನಕ್ರು. ಪರದೆ ಮೇಲೆ ಅವರ ಹಣೆ ಹಸಿರಾಯ್ತು, ಮೀಸೆ ಹೋಗಿ ಕಿವಿ ಹತ್ರ ನಿಂತ್ಕೊಂಡಿತು, ಉಳಿದಿದ್ದೆಲ್ಲ ಹೋಳಿ ಹಬ್ಬ.

"ಇದು ನಾನಾ?" ಅಂದ್ರು.

"ನೀವ ಸರ್. ಸ್ವಲ್ಪ ನೆಟ್ವರ್ಕ್ ಪ್ರಾಬ್ಲಮ್ ಐತ್ರಿ," ಅಂದ್ರು ಪಾಟೀಲರು.

"ನೆಟ್ವರ್ಕ್ ಎಲ್ಲಿದೆ ರೀ? ಎರಡೂ ಇದೇ ಟೇಬಲ್ ಮೇಲಿದೆ, ನಡುವೆ ವೈರಿದೆ!"

ಮುನಿರಾಜು ಟೇಬಲ್ ಕೆಳಗೆ ಏನೋ ಬಿದ್ದಿದೆ ಅನ್ನೋ ಥರ ಬಗ್ಗಿದವನು ಅವರು ಹೋಗೋ ತನಕ ಏಳಲಿಲ್ಲ.

ಅವತ್ತಿಂದ ಪಾಟೀಲರದು ಒಂದೇ ಕಟ್ಟಪ್ಪಣೆ. ಉತ್ತರ ಬಂದ ಹಾಗೆಲ್ಲ ಯಂತ್ರ ತನ್ನ ಅಂದಾಜು ತಿದ್ದಿಕೊಳ್ತಾ ಕಲಿಯುತ್ತೆ; ಪ್ರತಿ ಚಿತ್ರಕ್ಕೂ ಆ ಕಲಿಕೇನೆಲ್ಲ ಮರೆತು ಮೊದಲಿಂದ ಶುರು ಮಾಡ್ಬೇಕು. ಒಂದು ಚಿತ್ರ ದಾರೀಲಿ ಕೆಟ್ರೂ ಮುಂದಿನದು ನೆಟ್ಟಗೆ ಬರ್ಲಿ ಅಂತ. ನಮ್ಮ ಪೆಟ್ಟಿಗೆ ಇದ್ದಿದ್ದೇ ಸಿಗ್ನಲ್ ಸರಿಯಿಲ್ಲದ ಜಾಗಗಳಿಗೆ, ವಿಡಿಯೋ ಕಾಲ್ ಮಾಡೋಕೆ. ಹಾಗಾಗಿ ಅದು ಸರಿಯಾದ ಮಾತೇ. ಆದರೆ ಅದರಿಂದ ಒಂದು ಭಾರ ಬಂತು. ಪ್ರತಿ ಚಿತ್ರದ ಶುರುವಿಗೆ ಕೊಡೋ ಮೊದಲ ಅಂದಾಜು ಸರಿ ಇರಲೇಬೇಕು, ಯಂತ್ರ ಅದನ್ನ ನಂಬ್ಕೊಂಡೇ ಹೊರಡುತ್ತೆ.

ಆ ಮೊದಲ ಅಂದಾಜು ಎಲ್ಲಿಂದ ಬರ್ತಿತ್ತು ಅಂದ್ರೆ, ನಮ್ಮ ಮುಖಗಳಿಂದ. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಯಾರೇ ಕೆಲಸಕ್ಕೆ ಸೇರಿದ್ರೂ ಮೊದಲನೇ ದಿನ ಲ್ಯಾಬಿನ ಬಿಳಿ ಗೋಡೆ ಮುಂದೆ ಒಂದು ಸ್ಟೂಲಿನ ಮೇಲೆ ಕೂರಿಸಿ ವಿಡಿಯೋ ತೆಗೀತಿದ್ವಿ. ಹೆಸರು, ಊರು, ಬೆಳಿಗ್ಗೆ ಏನ್ ತಿಂದ್ರಿ ಅಂತ ಕೇಳೋದು. ಹಾಜರಿ ಕ್ಲಿಪ್ ಅಂತ ಕರೀತಿದ್ವಿ. ಎಷ್ಟೋ ಜನ ಕಂಪನಿ ಬಿಟ್ಟು ಹೋದ್ರು, ಅವರ ಹಾಜರಿ ಮಾತ್ರ ಉಳೀತು. 'ಈ ಚೌಕ ಬದಲಾಗುತ್ತಾ' ಅನ್ನೋಕೆ ಸಾಮಾನ್ಯವಾಗಿ ಎಷ್ಟು ಸಲ ಹೌದು, ಎಷ್ಟು ಸಲ ಇಲ್ಲ ಅಂತ ಆ ಕ್ಲಿಪ್‌ಗಳಿಂದಲೇ ಎಣಿಸಿ ಪಟ್ಟಿ ಮಾಡ್ತಿದ್ವಿ. ಚಿತ್ರದ ಮೇಲ್ಭಾಗಕ್ಕೆ ಒಂದು ಅಂದಾಜು, ಕೆಳಭಾಗಕ್ಕೆ ಇನ್ನೊಂದು. ಅದರಿಂದ ಎಷ್ಟೋ ಬಿಟ್ ಉಳೀತು ಅಂತ ನಾವೇ ನಮ್ಮ ಬೆನ್ನು ತಟ್ಕೊಂಡಿದ್ವಿ.

ಈಗ ನನ್ನ ತಂಗಿ ಗಿರಿಜೆ ವಿಷಯ ಹೇಳ್ಬೇಕು.

ಗಿರಿಜೆಗೆ ಹುಟ್ಟಿದಾಗಿಂದ ಕಿವಿ ಕೇಳಿಸಲ್ಲ. ಅವಳ ಭಾಷೆ ಕೈಯಲ್ಲಿದೆ. ಚಿಕ್ಕಬಾಣಾವರ ದಾಟಿ ಹೆಸರಘಟ್ಟ ರಸ್ತೇಲಿ ಇನ್ನೂ ಒಳಗೆ ಹೋದ್ರೆ ಅವಳ ಮನೆ. ಯಶವಂತಪುರದಲ್ಲಿ ಒಂದು ಗಾರ್ಮೆಂಟ್ಸಲ್ಲಿ ಹೊಲಿಗೆ. ಅವಳಿಗೆ ಬೇಕಾದವರಲ್ಲಿ ಅವಳ ಸನ್ನೆ ಪೂರ್ತಿ ಅರ್ಥ ಆಗೋದು ಕೆಲಸದ ಗೆಳತಿಯರಿಗೆ, ಮನೇಲಿ ನನಗೊಬ್ಬಳಿಗೆ. ಮೆಸೇಜಲ್ಲಿ ಒಂದೆರಡು ಪದ ಕುಟ್ತಾಳೆ, ಅಷ್ಟೇ. ಕನ್ನಡ ಅವಳಿಗೆ ಕಿವಿಯಿಂದ ಬಂದ ಭಾಷೆ ಅಲ್ಲವಲ್ಲ, ಬರೆಯೋದು ಅಂದ್ರೆ ಕಲ್ಲು ಹೊತ್ತ ಹಾಗೆ ಅವಳಿಗೆ. ಊರಿನವರೆಲ್ಲ ದಿನಕ್ಕೆ ಹತ್ತು ಸಲ ಫೋನಲ್ಲಿ "ಊಟ ಆಯ್ತಾ?" ಅಂತ ಕೇಳ್ತಾರೆ. ಆ ಒಂದು ಮಾತನ್ನ ನಾನು ನನ್ನ ತಂಗಿಗೆ ದೂರದಿಂದ ಕೇಳಿದ್ದೇ ಇಲ್ಲ.

ಒಂದು ಭಾನುವಾರ ಮಧ್ಯಾಹ್ನ ಬಾಗಿಲು ತೆಗೆದ್ರೆ ಗಿರಿಜೆ ನಿಂತಿದಾಳೆ, ಮುಖ ಕೆಂಪಗೆ. ಮುಟ್ಟಿ ನೋಡಿದ್ರೆ ಮೈ ಕೆಂಡ. ಎರಡು ಬಸ್ ಬದಲಾಯಿಸಿ, ನಿಂತ್ಕೊಂಡೇ ಬಂದಿದಾಳೆ. ನನಗೆ ಸಿಟ್ಟು ಎಲ್ಲಿಂದ ಬಂತೋ ಕಾಣೆ.

"ಜ್ವರ ಇಟ್ಕೊಂಡು ಯಾರಾದ್ರೂ ಬರ್ತಾರಾ? ಮೆಸೇಜ್ ಮಾಡೋಕೇನಾಗಿತ್ತು ನಿನಗೆ?" ಅಂತ ಸನ್ನೇಲೇ ಕೂಗಾಡಿದೆ.

ಅವಳು ಗೋಡೆಗೆ ಒರಗಿ ಕೂತು ನಿಧಾನವಾಗಿ ಕೈ ಆಡಿಸಿದಳು. "ಜ್ವರ ಅಂತ ಬರೆದಿದ್ರೆ ಮಾತ್ರೆ ತಗೋ ಅಂತ ನೀನು ಬರೀತಿದ್ದೆ. ಮಾತ್ರೆ ನಂಗೆ ಗೊತ್ತಿಲ್ವಾ ಅಕ್ಕಾ? ಯಾರ ಹತ್ರಾನಾದ್ರೂ ಹೇಳ್ಕೋಬೇಕಿತ್ತು."

ವಿಡಿಯೋ ಕಳಿಸೋದೇ ಕಸುಬು ಮಾಡ್ಕೊಂಡು ಕೂತಿದೀನಿ, ನನ್ನ ಒಡಹುಟ್ಟಿದವಳು ಜ್ವರ ಬಂದಿದೆ ಅಂತ ಹೇಳೋಕೆ ಬಸ್ಸಲ್ಲಿ ನಿಂತ್ಕೊಂಡು ಬರ್ತಾಳೆ. ಆ ಹೊತ್ತಲ್ಲಿ ನನಗೆ ನಾಚಿಕೆಗಿಂತ ಹಠ ಜಾಸ್ತಿ ಬಂತು. ನಾನು ನಿವೃತ್ತಿ ಆಗೋಕೆ ಕೆಲವೇ ತಿಂಗಳಿತ್ತು. ಅಷ್ಟರೊಳಗೆ ಇವಳ ಕೈ ನಮ್ಮ ಪೆಟ್ಟಿಗೇಲಿ ಮಾತಾಡಬೇಕು ಅಂತ ತೀರ್ಮಾನ ಮಾಡಿದೆ.

ಜ್ವರ ಬಿಟ್ಟ ಮೇಲೆ ಒಂದು ಪೆಟ್ಟಿಗೆ ಅವಳ ಮನೆಗೆ ಕೊಟ್ಟು ಕಳಿಸಿದೆ. ಅವಳ ಮನೆ ಹತ್ರ ಸಿಗ್ನಲ್ ಯಾವಾಗ್ಲೂ ಒಂದು ಕಡ್ಡಿ, ಅದೂ ಮೂಡ್ ಇದ್ರೆ. ಬೇರೆ ವಿಡಿಯೋ ಕಾಲ್ ಯಾವುದೂ ಅಲ್ಲಿ ನಿಲ್ತಿರಲಿಲ್ಲ. ನಮ್ಮದು ನಿಲ್ತು. ಗಿರಿಜೆ ಮುಖ ಚೆನ್ನಾಗೇ ಬಂತು, ಮೂಗಿನ ನತ್ತು ಕೂಡ ಕಾಣ್ತು. ಆದರೆ ಅವಳು ಕೈ ಎತ್ತಿದ ತಕ್ಷಣ ಬೆರಳೆಲ್ಲ ಕಲೆಸಿಹೋಯ್ತು. ಕೈ ಇಳಿಸಿದ್ರೆ ಸರಿ, ಎತ್ತಿದ್ರೆ ಮತ್ತೆ ಹಾಗೇ. ಅವಳ ಕಡೇನೂ ನನ್ನ ಕೈ ಹಾಗೇ ಕಂಡಿರ್ಬೇಕು. ಪರದೆಗೆ ಹತ್ರ ಬಂದು, ಎರಡು ಅಂಗೈಯಲ್ಲಿ ಉಂಡೆ ಕಟ್ಟೋ ಹಾಗೆ ಮಾಡಿ, ಸಾರಲ್ಲಿ ಅದ್ದಿ ನುಂಗಿ ತೋರಿಸಿದಳು. ಮುದ್ದೆ! ನಿನ್ನ ಕೈ ರಾಗಿಮುದ್ದೆ ಆಗಿದೆ ಅಕ್ಕಾ ಅಂತ. ಅಷ್ಟು ದೊಡ್ಡ ಸನ್ನೆ ಮಾಡಿದ್ದಕ್ಕೆ ನನಗೆ ಅರ್ಥ ಆಯ್ತು. ನಕ್ಕೆ, ಆಮೇಲೆ ಅಳು ಬಂತು.

ಮಾರನೇ ದಿನದಿಂದ ಅದರ ಹಿಂದೆ ಬಿದ್ದೆ. ಗಿರಿಜೆ ಜೊತೆಗಿನ ವಿಡಿಯೋ ಕಾಲ್ ರೆಕಾರ್ಡಿಂಗನ್ನ ಪರದೆ ಮೇಲೆ ಹಾಕಿ, ಯಾವ ಚೌಕಕ್ಕೆ ಎಷ್ಟು ಬಿಟ್ ಖರ್ಚಾಗಿದೆ ಅಂತ ಬಣ್ಣದಲ್ಲಿ ನೋಡಿದೆ. ಕೈ ಇದ್ದ ಕಡೆಯೆಲ್ಲ ಕೆಂಪು. "ಕೈ ಅಲ್ಲಾಡುತ್ತೆ, ಅದ್ಕೇ ಖರ್ಚು. ಅದ್ರಲ್ಲೇನೈತೆ ಮೇಡಂ?" ಅಂದ ಮುನಿರಾಜು. ನನಗೆ ಸಮಾಧಾನ ಆಗ್ಲಿಲ್ಲ. ಅವಳು ತಲೆ ಅಲ್ಲಾಡಿಸಿದ ಕಡೆಯೂ ಅಷ್ಟೇ ಚಲನೆ ಇತ್ತು, ಖರ್ಚು ಮಾತ್ರ ಅದಕ್ಕಿಂತ ಎಷ್ಟೋ ಕಡಿಮೆ. ಅಂದ್ರೆ ತಪ್ಪು ಚಲನೇದಲ್ಲ. ಚಿತ್ರದ ಕೆಳಭಾಗದಲ್ಲಿ ಏನೂ ಆಗಲ್ಲ ಅಂತ ನಮ್ಮ ಯಂತ್ರ ಗಟ್ಟಿಯಾಗಿ ನಂಬಿದೆ. ಅಲ್ಲಿ ಕೈ ಕಂಡಾಗೆಲ್ಲ ಅದಕ್ಕೆ ಗಾಬರಿ. ಗುಬ್ಬಿಗೂಡಿನ ಸೈಟು, ಉದ್ದ ವಿಳಾಸ. ಬಿಟ್ಟೆಲ್ಲ ಆ ಗಾಬರಿಗೇ ಖರ್ಚಾಗಿ, ಬೆರಳನ್ನ ಬೆರಳಿನ ಹಾಗೆ ತೋರಿಸೋಕೆ ಏನೂ ಉಳಿಯಲ್ಲ. ನಿಧಾನಕ್ಕೆ ಕಲಿತು ಸರಿ ಹೋಗೋಣ ಅಂದ್ರೆ ಅಷ್ಟರಲ್ಲಿ ಮುಂದಿನ ಚಿತ್ರ ಬರುತ್ತೆ, ಪಾಟೀಲರ ಅಪ್ಪಣೆ ಪ್ರಕಾರ ಎಲ್ಲ ಮರೆತು ಮತ್ತೆ ಮೊದಲಿಂದ.

ಆ ನಂಬಿಕೆ ಎಲ್ಲಿಂದ ಬಂತು ಅಂತ ಹಾಜರಿ ಕ್ಲಿಪ್‌ಗಳನ್ನ ಒಂದೊಂದಾಗಿ ತೆಗೆದೆ. ಮೊದಲನೇದು ಪಾಟೀಲರದು. ಬೆನ್ನು ನೆಟ್ಟಗೆ, ಎರಡೂ ಕೈ ಎದೆ ಮೇಲೆ ಕಟ್ಟಿಕೊಂಡು, "ನಂದು ಬಾಗಲಕೋಟಿ ಜಿಲ್ಲಾರಿ" ಅಂತಿದಾರೆ. ಎರಡನೇದು ನಂದು. ಕೈ ಕಟ್ಟಿದೀನಿ. ಮುನಿರಾಜು, ಕೈ ಕಟ್ಟಿದಾನೆ. ಅವನ ನಂತರದವನು, ಅವನ ನಂತರದವಳು. ಅಯ್ಯೋ ಶಿವನೇ! ಅಷ್ಟೂ ಜನ ಕನ್ನಡ ಶಾಲೇಲಿ ಒಂದನೇ ಕ್ಲಾಸಿನ ಮಕ್ಕಳು ಕೂತ ಹಾಗೆ ಕೂತಿದೀವಿ! ಕೈ ಕಟ್ಟು, ಬಾಯ್ ಮುಚ್ಚು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದು ಇಂಜಿನಿಯರಿಂಗ್ ಓದಿದ್ರೂ ಮೈ ಬಿಟ್ಟು ಹೋಗಿಲ್ಲ. ಕ್ಯಾಮೆರಾ ಮುಂದೆ ಕೂರಿಸಿದ್ರೆ ಸಾಕು, ಕೈ ತಾನಾಗೇ ಎದೆ ಮೇಲೆ ಹೋಗುತ್ತೆ. ಸಾಲದ್ದಕ್ಕೆ ಉಳಿದ ಪ್ರತಿ ಕ್ಲಿಪ್ಪಲ್ಲೂ ಹಿಂದಿನಿಂದ ಪಾಟೀಲರ ದನಿ, "ಅಲುಗಾಡಬ್ಯಾಡ್ರಿ". ಈ ಪ್ರಪಂಚದಲ್ಲಿ ಮನುಷ್ಯರಿಗೆ ಕೈ ಇರೋದೇ ಕಟ್ಟಿಕೊಳ್ಳೋಕೆ ಅಂತ ನಾವು ಯಂತ್ರಕ್ಕೆ ಪಾಠ ಹೇಳಿಕೊಟ್ಟಿದ್ವಿ.

ಓಡಿಹೋಗಿ ಪಾಟೀಲರಿಗೆ ಹೇಳಿದೆ. ಅವರು ಮೊದಲು ನಕ್ರು. ಆಮೇಲೆ ಕ್ಯಾಲೆಂಡರ್ ಕಡೆ ನೋಡಿದ್ರು. ಇನ್ನು ಸ್ವಲ್ಪ ದಿನಕ್ಕೆ ನಮ್ಮ ವಿಧಾನ ಚಿಪ್ಪಿಗೆ ಹೋಗೋದಿತ್ತು. ಒಂದು ಸಲ ಚಿಪ್ಪಿಗೆ ಇಳಿದರೆ ಮುಗೀತು, ಆಮೇಲೆ ಒಂದು ಅಂಕಿ ಬದಲಾಯಿಸೋಕೂ ಆಗಲ್ಲ. ನನ್ನ ನಿವೃತ್ತೀನೂ ಅದೇ ಹೊತ್ತಿಗೆ.

"ಈಗ ಆಗಂಗಿಲ್ರಿ ವಿಮಲಾ. ನಿಮ್ಮ ತಂಗಿ ಸಲುವಾಗಿ ಚಿಪ್ಪ ನಿಲ್ಲಸಾಕ ಬರ್ತೈತೇನ್ರಿ?"

"ನನ್ನ ತಂಗಿ ಒಬ್ಬಳೇ ಅಲ್ಲ ಸರ್. ಕೈಯಲ್ಲಿ ಮಾತಾಡೋರು ಎಷ್ಟು ಜನ ಇದಾರೆ! ಸಿಗ್ನಲ್ ಇಲ್ಲದ ಕಡೆ ಮಾತಾಡ್ಸೋ ಪೆಟ್ಟಿಗೆ ಅಂತೀರಿ, ಅವರನ್ನ ಬಿಟ್ಟು ಯಾರನ್ನ ಮಾತಾಡ್ಸ್ತೀರಿ?"

"ಮುಂದಿನ ಚಿಪ್ಪಿನ್ಯಾಗ ನೋಡೂಣು."

"ಮುಂದಿನ ಚಿಪ್ಪಿಗೆ ನಾನಿರಲ್ಲ. ನಾನಿಲ್ಲದಿದ್ರೆ ಯಾರೂ ಮಾಡಲ್ಲ, ಅದು ನಿಮಗೂ ಗೊತ್ತು ನನಗೂ ಗೊತ್ತು. ನಾನು ಬಿಡೋದಿಲ್ಲ ಸರ್. ಬೇಕಾದ್ರೆ ನನ್ನನ್ನ ಈಗ್ಲೇ ಮನೆಗೆ ಕಳಿಸಿ."

ಪಾಟೀಲರು ಬಹಳ ಹೊತ್ತು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದ್ರು. ಕೊನೆಗೆ ಎರಡು ಷರತ್ತು ಹಾಕಿದ್ರು. ಹಳೇ ಕ್ಲಿಪ್ ಒಂದರಲ್ಲೂ ಖರ್ಚು ಜಾಸ್ತಿ ಆಗಬಾರದು. ಚಿಪ್ಪಿನ ವೇಗ ಇಳೀಬಾರದು. "ಎರಡರಾಗ ಒಂದು ತಪ್ಪಿದ್ರೂ ಹಳೇ ಪಟ್ಟೀನ ಹೋಗ್ತೈತಿ. ಮತ್ತ ನನ್ನ ಮುಂದ ಕಣ್ಣೀರು ಹಾಕಬಾರ್ದು." ಆಯ್ತು ಅಂದೆ.

ಮೊದಲು ಹೊಸ ಹಾಜರಿ ಬೇಕಿತ್ತು. ಗಿರಿಜೆಯನ್ನ, ಅವಳ ಜೊತೆ ಕೆಲಸ ಮಾಡೋ ಗೆಳತಿಯರನ್ನ ರಜೆ ದಿನ ಲ್ಯಾಬಿಗೆ ಕರೆಸಿದೆ. ಎಲ್ಲ ಜರಿ ಅಂಚಿನ ಸೀರೆ ಉಟ್ಟು, ಹೂ ಮುಡಿದು ಮದುವೆಗೆ ಬಂದ ಹಾಗೆ ಬಂದ್ರು. ಗಿರಿಜೆ ಸ್ಟೂಲ್ ಮೇಲೆ ಕೂತಳು. ಪಾಟೀಲರಿಗೆ ಅಭ್ಯಾಸ ಬಲ, "ಅಲುಗಾಡಬ್ಯಾಡ್ರಿ" ಅಂದೇಬಿಟ್ರು. ನಾನು ಕಣ್ಣು ಕೆಕ್ಕರಿಸಿದೆ. ಅವಳಿಗೆ ಹೇಗೂ ಕೇಳಿಸಿರಲಿಲ್ಲ. ಅವರು ನಾಲಿಗೆ ಕಚ್ಚಿಕೊಂಡು, "ಅಲುಗಾಡ್ರಿ, ಅಲುಗಾಡ್ರಿ, ಎಷ್ಟ ಬೇಕಾದ್ರೂ ಅಲುಗಾಡ್ರಿ," ಅಂತ ತಾವೇ ಕೈ ಬೀಸಿ ತೋರಿಸಿದ್ರು.

ಅವತ್ತಿನ ಹಾಗೆ ನಮ್ಮ ಲ್ಯಾಬಲ್ಲಿ ಯಾವತ್ತೂ ಅಷ್ಟು ಮಾತಾಗಿರಲಿಲ್ಲ, ಆದರೆ ಒಂದು ಸದ್ದಿಲ್ಲ. ಬಳೆ ಸದ್ದು ಮಾತ್ರ. ಅತ್ತೆ ಜಗಳ, ಸೂಪರ್ವೈಸರ್ ಕಾಟ, ಬಸ್ಸಲ್ಲಿ ಚೇಷ್ಟೆ ಮಾಡಿದವನಿಗೆ ಕೊಟ್ಟ ಕಪಾಳಮೋಕ್ಷ, ಎಲ್ಲ ಬಂತು. ನಡುವೆ ಗಿರಿಜೆ ಪಕ್ಕದ ಪರದೇಲಿ ಓಡ್ತಿದ್ದ ಹಳೇ ಕ್ಲಿಪ್‌ಗಳನ್ನ ನೋಡಿದಳು. "ಇವರಿಗೆಲ್ಲ ಯಾವ ಮೇಷ್ಟ್ರು ಬೈದ್ರು?" ಅಂತ ಕೇಳಿದಳು. ಗೆಳತಿಯರು ಬಿದ್ದು ಬಿದ್ದು ನಕ್ರು. ನನಗೆ ನಗು ಬರಲಿಲ್ಲ. ಚಿಕ್ಕವಳಿದ್ದಾಗ ಅವಳ ಶಾಲೇಲಿ ಅವಳಿಗೆ ಕೈ ಕಟ್ಟಿಸ್ತಿದ್ರು. ಕೈ ಆಡಿಸಿದ್ರೆ ಬಾಯಿ ಮಾತು ಕಲಿಯಲ್ಲ ಅಂತ ಆಗಿನವರ ನಂಬಿಕೆ. ನಮಗೆ ಕೈ ಕಟ್ಟು ಅಂದ್ರೆ ಕೈ ಕಟ್ಟು ಅಷ್ಟೇ, ಬಾಯಿ ಇತ್ತು. ಅವಳಿಗೆ ಕೈ ಕಟ್ಟು ಅಂದ್ರೆ ಬಾಯಿ ಹೊಲಿದ ಹಾಗೆ. ಅದನ್ನ ನಾನು ಪಾಟೀಲರಿಗೆ ಹೇಳಿದೆ. ಅವರು ಎದ್ದು ಹೋಗಿ ಎಲ್ಲರಿಗೂ ಕಾಫಿ ತರಿಸಿದ್ರು.

ಆ ಹೊಸ ಕ್ಲಿಪ್‌ಗಳಿಂದ ಇನ್ನೊಂದು ಪಟ್ಟಿ ಮಾಡಿದೆ. ಬೆರಳು ಸ್ವಲ್ಪ ಬಿಡಿಸಿಕೊಂಡಿತು, ಪೂರ್ತಿ ಅಲ್ಲ. ಯಾಕಂದ್ರೆ ಕೈಯಲ್ಲಿ ಮಾತಾಡೋರು ಯಾವಾಗ್ಲೂ ಕೈ ಆಡಿಸಲ್ಲ. ಎದುರಿನವರ ಮಾತು ನೋಡುವಾಗ ಸುಮ್ಮನಿರ್ತಾರೆ, ಇದ್ದಕ್ಕಿದ್ದ ಹಾಗೆ ಮಿಂಚಿನಂತೆ ಶುರು ಮಾಡ್ತಾರೆ. ನಮ್ಮ ಯಂತ್ರ ಕಲಿಯೋದು ನಿಧಾನ. ಬೇಗ ಕಲಿಯೋ ಹಾಗೆ ಮಾಡಿದ್ರೆ ಒಂದು ಸೊಳ್ಳೆ ಹಾರಿದ್ರೂ ಅಂದಾಜು ಬದಲಾಯಿಸಿಕೊಂಡು ಕೂರುತ್ತೆ. ಅದಕ್ಕೆ ಒಂದರ ಬದಲು ಎರಡು ಅಂದಾಜು ಇಡೋಣ, ಒಂದು ಬೇಗ ಕಲಿಯೋದು, ಇನ್ನೊಂದು ಬೇಗ ಮರೆಯದೇ ಇರೋದು, ಎರಡರ ಸರಾಸರಿ ತಗೊಳ್ಳೋಣ ಅಂದೆ.

ಮುನಿರಾಜು ಕೂತಲ್ಲಿಂದ ಎದ್ದು ನಿಂತ. ಅವನಿಗೆ ಸಿಟ್ಟು ಬಂದ್ರೆ ಇಂಗ್ಲಿಷು ಹೋಗಿ ಅವರೂರಿನ ಮಾತು ಬರುತ್ತೆ. "ಇಂಗೆಲ್ಲ ಮಾಡುದ್ರೆ ಎಂಗೆ ಮೇಡಂ? ಒಂದ್ ಅಂದಾಜಿಗೇ ಚಿಪ್ಪು ಏದುಸ್ರು ಬಿಡ್ತೈತೆ. ಒಂದೊಂದ್ ಔದು-ಇಲ್ಲಕ್ಕೂ ಎರಡೆರಡು ಲೆಕ್ಕ ಅಂದ್ರೆ ಸತ್ತೇ ಓಯ್ತದೆ!"

"ಗುಣಿಸೋದು ಭಾಗಿಸೋದು ಏನೂ ಇಲ್ಲ ಕಣೋ. ಅಂಕೀನ ಪಕ್ಕಕ್ಕೆ ಸರಿಸಿ ಕೂಡೋದು, ಅಷ್ಟೇ. ಮಾಡಿ ನೋಡು."

"ಆದ್ರೂ ಟೈಮ್ ಬೇಕಲ್ಲ ಮೇಡಂ? ಎಲ್ಲಿಂದ ತರ್ಲಿ?"

ಜಗಳ ಎರಡು ದಿನ ನಡೀತು. ಕ್ಯಾಂಟೀನಲ್ಲಿ ಬೇರೆ ಬೇರೆ ಟೇಬಲಲ್ಲಿ ಕೂತು ತಿಂದ್ವಿ. ಮೂರನೇ ದಿನ ತಟ್ಟೆ ಹಿಡ್ಕೊಂಡು ನನ್ನ ಎದುರಿಗೆ ಬಂದು ಕೂತ. ಗುರುತೇ ಇಲ್ಲದವನ ಹಾಗೆ ಸಾಂಬಾರ್ ಕಲೆಸ್ತಾ, "ಕೆಲವು ಔದು-ಇಲ್ಲಕ್ಕೆ ಅಂದಾಜೇ ಬೇಡ ಅಲ್ವಾ ಮೇಡಂ? ಫಿಫ್ಟಿ ಫಿಫ್ಟಿ ಇರೋವು. ಊಹೆ ತಪ್ಪಿದ್ದು ಪ್ಲಸ್ಸಾ ಮೈನಸ್ಸಾ ಅನ್ನೋವು," ಅಂದ.

"ಹೌದು."

"ಈಗ ಅವು ನಡುನಡುವೆ ಬಂದು ಲೈನಲ್ಲಿ ನಿಲ್ತವೆ. ಅವ್ನೆಲ್ಲ ಒಂದ್ ಕಡೆ ಗುಡ್ಡೆ ಹಾಕಿ ಒಂದೇ ಉಸುರ್ಗೆ ಕಳ್ಸಿಬಿಟ್ರೆ, ಉಳಿದ ಟೈಮು ನಿಮ್ಮ ಎರಡ್ ಅಂದಾಜಿಗೆ."

ಕೈ ಎಂಜಲು ಅನ್ನೋದೂ ಮರೆತು ಅವನ ಬೆನ್ನಿಗೆ ಗುದ್ದಿದೆ. "ಮಗಾ, ಇದನ್ನ ಎರಡು ದಿನ ಮುಂಚೆ ಹೇಳೋಕೇನಾಗಿತ್ತು?" ಅಂದೆ. "ನೀವು ಬೈದ್ರಲ್ಲ, ರೋಸ ಇತ್ತು," ಅಂದ.

ವೇಗದ ಷರತ್ತು ದಾಟಿದ್ವಿ. ಹಳೇ ಕ್ಲಿಪ್‌ಗಳ ಷರತ್ತಿಗೆ, ಎರಡು ಪಟ್ಟೀನೂ ಇಟ್ಟು, ಪ್ರತಿ ಚಿತ್ರದ ಶುರುವಿಗೆ ಒಂದು ಗುರುತು ಸೇರಿಸಿದ್ವಿ. ಇದು ಕೈ ಕಟ್ಟಿದವರ ಪಟ್ಟಿನಾ, ಕೈ ಬಿಚ್ಚಿದವರ ಪಟ್ಟಿನಾ ಅಂತ. ಒಂದೇ ಒಂದು ಬಿಟ್. ಎಲ್ಲ ಕ್ಲಿಪ್ ಓಡಿಸಿದ್ರೆ ಎಲ್ಲದರಲ್ಲೂ ಖರ್ಚು ಇಳಿದಿದೆ, ಒಂದರಲ್ಲಿ ಮಾತ್ರ ಏರಿದೆ. ಯಾವುದು ಅಂತ ನೋಡಿದ್ರೆ ಪಾಟೀಲರದ್ದೇ! ಅವರ ಕ್ಲಿಪ್ಪಲ್ಲಿ ನಡುವೆ ಒಂದು ಸಲ ಕೆಮ್ಮಿ ಬಾಯಿಗೆ ಕೈ ಅಡ್ಡ ಹಿಡಿದಿದ್ರು. ಅಷ್ಟಕ್ಕೇ ನಮ್ಮ ಪ್ರೋಗ್ರಾಂ ಇವರು ಕೈಯಲ್ಲಿ ಮಾತಾಡೋರು ಅಂದ್ಕೊಂಡು ಆಮೇಲೆ ಪಟ್ಟಿ ವಾಪಸ್ ಬದಲಾಯಿಸೇ ಇರಲಿಲ್ಲ. ಊಹೆ ಮಾಡಿ ಪಟ್ಟಿ ಆರಿಸೋದು ಬೇಡ, ಎರಡರಲ್ಲೂ ಲೆಕ್ಕ ಹಾಕಿ ಯಾವುದು ಚಿಕ್ಕದೋ ಅದನ್ನ ಕಳಿಸೋಣ ಅಂತ ತಿದ್ದಿದ್ವಿ. ಅದೂ ಇಳೀತು.

ಪಾಟೀಲರು ಅಂಕಿಗಳನ್ನ ಎರಡು ಸಲ ನೋಡಿದ್ರು. "ಅಂಕಿ ಛಲೋ ಅದ್ರಿ. ಆದ್ರ ಅಂಕಿ ಊಟಾ ಮಾಡಂಗಿಲ್ಲ. ನಿಮ್ಮ ತಂಗಿ ಮನಿಯಿಂದ ತೋರಸ್ರಿ. ತಿಳೀತು ಅಂದ್ರ ಹೊಸದು ಹೋಗ್ತೈತಿ. ತಿಳೀಲಿಲ್ಲ ಅಂದ್ರ ಇಲ್ಲ," ಅಂದ್ರು.

ಮುನಿರಾಜು ಹೊಸ ವಿಧಾನ ಹಾಕಿದ ಪರೀಕ್ಷೆಯ ಬೋರ್ಡನ್ನ ಸ್ಕೂಟರಲ್ಲಿ ಕಟ್ಟಿಕೊಂಡು ಗಿರಿಜೆ ಮನೆಗೆ ಹೋದ. ಸನ್ನೆ ಒಂದೂ ಗೊತ್ತಿಲ್ಲದವನು ಅವಳಿಗೆ ಏನು ಹೇಳಿದನೋ, ಅವಳೇನು ಅರ್ಥ ಮಾಡ್ಕೊಂಡಳೋ. ನಾನು ಲ್ಯಾಬಲ್ಲಿ ಅದೇ ಬಿಳಿ ಗೋಡೆ ಮುಂದೆ, ಅದೇ ಸ್ಟೂಲ್ ಮೇಲೆ ಕೂತೆ. ಪಾಟೀಲರು ಬೆನ್ನ ಹಿಂದೆ ನಿಂತ್ರು. ಇಷ್ಟು ವರ್ಷದ ಕೆಲಸದಲ್ಲಿ ಯಾವ ಡೆಮೋಗೂ ನಾನು ಅಷ್ಟು ಹೆದರಿರಲಿಲ್ಲ.

ಗಿರಿಜೆ ಪರದೆ ಮೇಲೆ ಬಂದಳು. ಹಿಂದೆ ಅವಳ ಹೊಲಿಗೆ ಮಷಿನ್, ಬಾಗಿಲಲ್ಲಿ ಕಾಫಿ ಲೋಟ ಹಿಡಿದ ಮುನಿರಾಜು. ಸಿಗ್ನಲ್ ಎಂದಿನಂತೆ ಒಂದು ಕಡ್ಡಿ. ಅವಳು ಕೈ ಎತ್ತಿದಳು. ಹೆಬ್ಬೆರಳು ಕಂಡಿತು. ತೋರುಬೆರಳು ಕಂಡಿತು. ಸೂಜಿ ಚುಚ್ಚಿ ಚುಚ್ಚಿ ಒರಟಾದ ತುದಿ, ಕಿರುಬೆರಳಿನ ತಾಮ್ರದ ಉಂಗುರ, ಐದೂ ಬೆರಳು ಐದು ಬೆರಳಾಗೇ ಬಂತು. ಅವಳು ಏನೋ ಹೇಳ್ತಿದಾಳೆ, ನನ್ನ ಕಣ್ಣು ಮಂಜಾಗಿ ಮೊದಲ ಸಲ ಓದೋಕೇ ಆಗ್ಲಿಲ್ಲ.

"ಏನಂತಾರ್ರೀ?" ಪಾಟೀಲರು ಹಿಂದಿನಿಂದ ಕೇಳಿದ್ರು. "ತಿಳೀತದೇನ್ರಿ?"

ಗಿರಿಜೆ ಮತ್ತೆ ಹೇಳಿದಳು, ಈ ಸಲ ಹುಬ್ಬು ಗಂಟಿಕ್ಕಿ, ಬೈಯೋ ಹಾಗೆ. ನನಗೆ ಒಂದೊಂದು ಬೆರಳೂ ಅರ್ಥ ಆಯ್ತು. ಬಗ್ಗಿ ನೋಡ್ಕೊಂಡೆ. ಇಷ್ಟು ದಿನ ಇದೇ ವಿಷಯಕ್ಕೆ ಎಲ್ಲರ ಜೊತೆ ಗುದ್ದಾಡಿದವಳು, ಕ್ಯಾಮೆರಾ ಕಂಡ ತಕ್ಷಣ ಎರಡೂ ಕೈ ಎದೆ ಮೇಲೆ ಕಟ್ಟಿಕೊಂಡು ನೆಟ್ಟಗೆ ಕೂತಿದ್ದೆ.

"ಕೈ ಬಿಚ್ಚಕ್ಕಾ ಅಂತಿದಾಳೆ ಸರ್," ಅಂದೆ. "ಮಾತಾಡು ಅಂತಿದಾಳೆ."

ಪಾಟೀಲರು ಫೋನ್ ತೆಗೆದು ಚಿಪ್ಪಿನವರಿಗೆ, "ಹೊಸದ ಹಾಕ್ರಿ," ಅಂದಿದ್ದು ಮಾತ್ರ ಕೇಳಿಸ್ತು.

ನಾನು ಕೈ ಬಿಚ್ಚಿದೆ. ಊಟ ಆಯ್ತಾ ಅಂತ ಕೇಳಿದೆ.